ನೀರಗಂಟಿಯ ಹದಿನೈದು ಗುಂಟೆ

“ಉಂಬಳಿ ಅಂದ್ರೆ ಏನ್ಲಾ ಬೋಳಿಮಗ್ನೆ? ಊರ ಚಾಕ್ರಿ ಮಾಡ್ಕಂಡು ಉಣ್ಣು ಅಂತ ಬುಟ್ಟಿದ್ದು. ನಿಂದೇ ಅಂತ ಯಾವೋನ್ಲಾ ಯೇಳ್ದೋನು?”

ರಂಗಸ್ವಾಮಿ ಬೈಕಿನಿಂದ ಇಳಿಯಲೂ ಇಲ್ಲ. ಕೆರೆ ಏರಿಯ ಮೇಲೆ ಅಪ್ಪ ತೂಬು ಎತ್ತುವ ಸಲಾಕೆ ಹಿಡಿದು ತಲೆ ಬಗ್ಗಿಸಿ ನಿಂತಿದ್ದ. ಅಪ್ಪ ದ್ಯಾವಯ್ಯ ಊರಿನ ನೀರಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದೆಲ್ಲ ಅವನ ತಲೆಯಲ್ಲೇ ಇದೆ. ಆ ಕೆಲಸಕ್ಕೆಂದು ತಾತನ ಕಾಲಕ್ಕೂ ಮೊದಲು ಬಿಟ್ಟ ಹದಿನೈದು ಗುಂಟೆ ನಮ್ಮ ಉಂಬಳಿ. ಈಗ ಪಹಣಿಯಲ್ಲಿ ಅದು ಹಳೆಯ ಪಟೇಲರ ಮೊಮ್ಮಗ ಈ ರಂಗಸ್ವಾಮಿಯ ಹೆಸರಿನಲ್ಲಿದೆ.

“ಪೈರೈತೆ ಬುದ್ದಿ.”

“ನಾಳಿಕೆ ಬೇಲಿ ಆಕ್ತೀನಿ. ಪೈರು ದನಕ್ಕೆ ಕುಯ್ಕೋ ಓಗು.”

ಮಧ್ಯಾಹ್ನವೇ ಅಪ್ಪ, ನಾನು ತಾಲ್ಲೂಕು ಕಚೇರಿಗೆ ಹೋದೆವು. ಗುಮಾಸ್ತ ಫೈಲಿನಿಂದ ಕಣ್ಣೆತ್ತಲಿಲ್ಲ. “ಊರ ಚಾಕರಿ ರದ್ದಾದಾಗ ಅರ್ಜಿ ಕೊಟ್ಟಿದ್ರೆ ಭೂಮಿ ನಿಮಗೇ ಆಗೋದು. ನಿಮ್ಮೋರು ಕೊಡ್ಲಿಲ್ಲ. ಪಟೇಲ್ರು ಕೊಟ್ರು.”

“ನಮ್ಮಪ್ಪ ಕೆಲ್ಸ ಬುಡ್ನಿಲ್ಲ ಸ್ವಾಮಿ. ನೀರು ಬುಡ್ತಾನೇ ಇವ್ನಿ, ಅರ್ಜಿ ಯಾಕೆ ಅಂದ್ಕಂಡ. ನಾನೂ ಅಂಗೇ ಅಂದ್ಕಂಡೆ,” ಅಂದ ಅಪ್ಪ.

ಗುಮಾಸ್ತ ಪಕ್ಕದವನ ಕಡೆ ನೋಡಿ ನಕ್ಕ. ಕಾನೂನಿನ ಯಾವ ಕಲಮಿನಲ್ಲಿ ಏನಿದೆ ಎಂದು ಹೊರಡುವ ಮೊದಲೇ ಓದಿ ಚೀಟಿಯಲ್ಲಿ ಬರೆದುಕೊಂಡಿದ್ದೆ. ಅದನ್ನು ತೆಗೆಯದೆಯೇ ಅಪ್ಪನ ಹಿಂದೆ ಹೊರಬಂದೆ.

ಮರುದಿನ ಬೆಳಿಗ್ಗೆ ಟ್ರಾಕ್ಟರು ನಮ್ಮ ಗದ್ದೆ ಬದುವಿನಲ್ಲಿ ಕಲ್ಲುಕಂಬ ಇಳಿಸುತ್ತಿತ್ತು. ಅಪ್ಪ ಸಲಾಕೆ ಹೆಗಲಿಗಿಟ್ಟು ಹೊರಟ.

“ಎಲ್ಲಿಗಪ್ಪ?”

“ರಂಗಸ್ವಾಮಪ್ಪೋರ ನೀರಿನ ಸರದಿ ಕಣವ್ವ ಇವತ್ತು.”

ಊರ ಗದ್ದೆಗಳೆಲ್ಲ ಕುಡಿದ ಮೇಲೆ ನೀರಗಂಟಿಯ ಗದ್ದೆಗೆ ನೀರು. ಅದು ವಾಡಿಕೆ. ನಮ್ಮ ಪೈರು ಯಾವ ವರ್ಷವೂ ಮೊದಲ ನೀರು ಕಂಡಿಲ್ಲ.

ಅಪ್ಪನ ಹೆಗಲಿನಿಂದ ಸಲಾಕೆ ಎಳೆದುಕೊಂಡೆ. ಏರಿಗೆ ಹೋಗಿ ತೂಬು ಎತ್ತಿದೆ. ಕಾಲುವೆಗಿಳಿದು ರಂಗಸ್ವಾಮಿಯ ಗದ್ದೆಯ ಬಾಯಿಗೆ ಕೆಸರು ತುಂಬಿ, ನಮ್ಮದನ್ನು ಕೈಯಲ್ಲೇ ಬಗೆದೆ. ನೀರು ಒಂದು ಗಳಿಗೆ ದಾರಿ ಗೊತ್ತಿಲ್ಲದಂತೆ ನಿಂತು, ಆಮೇಲೆ ನುಗ್ಗಿತು. ಕಂಬಕ್ಕೆ ತೋಡಿದ್ದ ಗುಂಡಿಗಳೆಲ್ಲ ತುಂಬಿದವು.

“ಓದ್ಸಿದ್ದು ಇದ್ಕೇನ್ಲಾ ದ್ಯಾವ? ಕರೀಲಾ ಅವ್ಳ್ನ.” ರಂಗಸ್ವಾಮಿಯ ಹಿಂದೆ ಜನ ಸೇರಿದ್ದರು. ನನ್ನ ಜೊತೆ ಶಾಲೆಗೆ ಬಂದವರೂ ಇದ್ದರು.

“ಬಂದ್ಬುಡು ಮಗಾ,” ಅಂದ ಅಪ್ಪ.

ನಾನು ಬದುವಿನ ಮೇಲೆ ಕುಳಿತೆ, ಸಲಾಕೆ ತೊಡೆಯ ಮೇಲೆ. ಕಾಲುವೆಯ ಈಚೆ ನಾನೊಬ್ಬಳೇ. ಅಪ್ಪ ಆಚೆ, ಅವರ ನಡುವೆ ನಿಂತಿದ್ದ. ನೀರು ಪೈರಿನ ಮೊಣಕಾಲಿಗೆ ಬಂದಿತ್ತು.