ಏಳನೆಯ ಫಾರಂ

ಆರನೆಯ ಫಾರಂ ಎತ್ತಿ, ಏಳನೆಯದಕ್ಕೆ ಕೈ ಚಾಚುವಾಗ ಅವಳ ಹೆಬ್ಬೆರಳು ಮತ್ತೆ ಜಾರಿತು. ಉದ್ದನೆಯ ಮೇಜಿನ ಮೇಲೆ ಮಡಿಚಿದ ಫಾರಂಗಳು ಹನ್ನೊಂದು ರಾಶಿಗಳಾಗಿ ಕೂತಿದ್ದವು. ಒಂದೊಂದು ಫಾರಂ ಅಂದರೆ ಹದಿನಾರು ಪುಟ. ಮೇಜಿನ ಸುತ್ತ ನಡೆಯುತ್ತ ಪ್ರತಿ ರಾಶಿಯಿಂದ ಒಂದೊಂದನ್ನು ಎತ್ತಿ ಜೋಡಿಸಿದರೆ ಒಂದು ಪುಸ್ತಕ. ಈ ಬೈಂಡಿಂಗ್ ಶಾಪಿನಲ್ಲಿ ಹನ್ನೆರಡು ವರ್ಷ ಅವಳು ಮಾಡಿದ್ದು ಇದನ್ನೇ. ಕಣ್ಣು ಕಿಟಕಿಯ ಕಡೆ, ಕಿವಿ ಹರಟೆಯ ಕಡೆ ಇದ್ದರೂ ಎರಡು ಫಾರಂ ಅಂಟಿಕೊಂಡು ಬಂದರೆ ಹೆಬ್ಬೆರಳಿಗೆ ತಿಳಿಯುತ್ತಿತ್ತು.

ಈಗ ತಿಳಿಯುವುದಿಲ್ಲ. ಎದೆಯ ಗಡ್ಡೆ ತೆಗೆದ ಮೇಲೆ ಕೊಟ್ಟ ಮಾತ್ರೆಗಳು ಬೆರಳ ತುದಿಯನ್ನು ಸುಲಿದು ಸುಲಿದು, ಸವೆದ ಸೋಪಿನ ಚೂರಿನಂತೆ ಮಾಡಿದ್ದವು. ಕೆಲಸಕ್ಕೆ ಮರಳಿ ಮೂರು ವಾರವಾಗಿತ್ತು. ಬಾಗಿಲ ಬಳಿಯ ಹಾಜರಿ ಯಂತ್ರ ಒಂದು ದಿನವೂ ಅವಳ ಬೆರಳನ್ನು ಒಪ್ಪಿರಲಿಲ್ಲ. "ಯಂತ್ರಕ್ಕೇನಮ್ಮ ಗೊತ್ತು? ನೀನು ನೀನೇ ಅಂತ ನಾನು ಬರ್ಕೋತೀನಿ" ಎಂದು ಫೋರ್ಮನ್ ದಿನವೂ ಪೆನ್ನು ತೆಗೆಯುತ್ತಿದ್ದ. ಕೈ ಹೇಗಿದೆ ಎಂದು ಅವನು ಮೊದಲ ದಿನ ಕೇಳಿದಾಗ ಅವಳು ಚೆನ್ನಾಗಿದೆ ಎಂದಿದ್ದಳು. ಮನೆಯಲ್ಲಿ ಅವಳನ್ನು ಕಂಡರೆ ಎಲ್ಲರೂ ದನಿ ತಗ್ಗಿಸುತ್ತಿದ್ದರು. ಇಲ್ಲಿ ಯಾರೂ ತಗ್ಗಿಸುತ್ತಿರಲಿಲ್ಲ. ಈ ಮೇಜು ತಪ್ಪಿದರೆ ಅವಳಿಗೆ ಉಳಿಯುವುದು ಆ ತಗ್ಗಿದ ದನಿಗಳು ಮಾತ್ರ.

"ಪಾಸಿಟಿವ್ ಆಗಿರ್ಬೇಕಂತೆ ಕಣೆ" ಎಂದಳು ಪಕ್ಕದ ಮಣೆಯ ಮುಂದೆ ಕೂತು ದಾರ ಪೋಣಿಸುತ್ತಿದ್ದ, ಜೋಡಿಸಿದ ಕಟ್ಟುಗಳನ್ನು ಹೊಲಿಯುವ ಅಕ್ಕ.

"ರಿಪೋರ್ಟ್ ಪಾಸಿಟಿವ್ ಅಂತ ಬಂದಾಗ ನೀವೆಲ್ಲ ಅತ್ತಿರಿ. ಈಗ ನಾನೇ ಪಾಸಿಟಿವ್ ಆಗ್ಬೇಕಾ?"

"ಥೂ, ನಿನ್ನ ನಾಲಿಗೆಗೆ ಮಾತ್ರ ಯಾವ ಮಾತ್ರೇನೂ ನಾಟಲಿಲ್ಲ ನೋಡು!"

ಇಬ್ಬರೂ ನಗುತ್ತಿರುವಾಗ ಫೋರ್ಮನ್ ಬಂದ. ಕೈಯಲ್ಲಿ ಐದು ಭೂಗೋಳದ ಪುಸ್ತಕ. ಹೋದ ವಾರ ಶಾಲೆಗೆ ಕಳಿಸಿದ್ದು, ವಾಪಸ್ ಬಂದಿದ್ದವು.

"ಏಳನೇ ಫಾರಂ ಎರಡೆರಡು ಸಲ. ಮರುಭೂಮಿ ದಾಟಿದ್ರೆ ಮತ್ತೆ ಅದೇ ಮರುಭೂಮಿ. ಮಕ್ಕಳು ಎಲ್ಲಿಗೆ ಹೋಗ್ಬೇಕು? ಯಾರಮ್ಮ ಎತ್ತಿದ್ದು?"

ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿದಳು.

"ನಾನೇ" ಎಂದಳು ಅಕ್ಕ, ಸೂಜಿಯಿಂದ ತಲೆ ಎತ್ತದೆ. "ಬುಧವಾರ ಬೆಳಗ್ಗೆ ಇವಳು ಆಸ್ಪತ್ರೆಗೆ ಹೋಗಿದ್ಲಲ್ಲ, ಆಗ ನಾನೇ ಎತ್ತಿ ನಾನೇ ಹೊಲಿದೆ. ಮೆಟ್ಟಿಲು ಕಾಣಿಸ್ಲಿಲ್ಲ."

ಪ್ರತಿ ಫಾರಂನ ಬೆನ್ನಿಗೂ ಒಂದು ಕಪ್ಪು ಗುರುತಿರುತ್ತದೆ. ಸರಿಯಾಗಿ ಜೋಡಿಸಿದರೆ ಗುರುತುಗಳು ಮೆಟ್ಟಿಲಿನಂತೆ ಇಳಿಯುತ್ತವೆ. ಒಂದೇ ಎತ್ತರದಲ್ಲಿ ಎರಡು ಕಂಡರೆ ತಪ್ಪು. ಹೊಲಿಯುವ ಮುಂಚೆ ಅದನ್ನು ನೋಡುವುದು ಅಕ್ಕನ ಕೆಲಸ.

"ಕಣ್ಣು ಮಂಜಾದ್ಮೇಲೆ ಈ ಕೆಲಸ ಯಾಕೆ? ಈ ತಿಂಗಳು ಮುಗೀಲಿ, ಬೇರೆಯವರನ್ನ ನೋಡ್ತೀನಿ" ಎಂದು ಫೋರ್ಮನ್ ಪುಸ್ತಕಗಳನ್ನು ಮಣೆಯ ಮೇಲೆ ಕುಕ್ಕಿ ಹೋದ.

"ಯಾಕಕ್ಕ ಹಾಗಂದೆ? ಬುಧವಾರ ನಾನು ಮಧ್ಯಾಹ್ನವೇ ವಾಪಸ್ ಬಂದಿದ್ದೆ. ಎತ್ತಿದ್ದು ನಾನು."

"ಗೊತ್ತು ಬಿಡು. ಮೆಟ್ಟಿಲು ನೋಡದೇ ಇದ್ದದ್ದು ನಾನೇ ತಾನೇ? ನಿನ್ನ ಕಟ್ಟನ್ನ ನಾನು ಹನ್ನೆರಡು ವರ್ಷದಿಂದ ನೋಡೇ ಇಲ್ಲ ಕಣೆ. ಬೇರೆಯವರದ್ದು ನೋಡ್ತೀನಿ. ನಿನ್ನದು ಹಾಗೇ ಹೊಲೀತೀನಿ." ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. "ನಂಗೇನು, ಮನೇಲಿ ಕಾಲು ಚಾಚ್ಕೊಂಡು ಟೀವಿ ನೋಡ್ತೀನಿ."

ಅಕ್ಕನ ಟೀವಿ ಕೆಟ್ಟು ಎರಡು ವರ್ಷವಾಗಿತ್ತು. ಅವಳಿಗದು ಗೊತ್ತಿತ್ತು. ಆದರೂ ಸಂಜೆಯವರೆಗೆ ಮೇಜು ಸುತ್ತುತ್ತಲೇ ಇದ್ದಳು. ಫೋರ್ಮನ್ ಎರಡು ಸಲ ಪಕ್ಕದಲ್ಲೇ ಹಾದುಹೋದ. ಎರಡೂ ಸಲ ಅವಳು ಮುಂದಿನ ರಾಶಿಗೆ ಕೈ ಚಾಚಿದಳು.

ಮನೆಗೆ ಬಂದಾಗ ಗಂಡ ತರಕಾರಿ ಹೆಚ್ಚುತ್ತಿದ್ದ. "ಹೇಗಿತ್ತು ಇವತ್ತು?"

"ಚೆನ್ನಾಗಿತ್ತು."

"ನೋಡು, ಮನಸ್ಸು ಗಟ್ಟಿಯಾಗಿದ್ರೆ ಅರ್ಧ ಕಾಯಿಲೆ ಹೋದ ಹಾಗೇ."

"ಇನ್ನರ್ಧ?"

"ಅದಕ್ಕೆ ಮಾತ್ರೆ ಇದೆಯಲ್ಲ!" ಅವನೇ ನಕ್ಕ.

ಹಳೆಯ ಪೇಪರುಗಳ ಕಟ್ಟನ್ನು ತೆಗೆದುಕೊಂಡು ಅವಳು ಕಿಟಕಿಯ ಬಳಿ ಕೂತಳು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಒಂದು ಹಾಳೆ ಎತ್ತಿದಳು. ಒಂದು, ಅನ್ನಿಸಿತು. ಕಣ್ಣು ಬಿಟ್ಟರೆ ಎರಡು. ಮತ್ತೆ ಎತ್ತಿದಳು. ಮೂರನೆಯ ಸಲ ಒಂದೇ ಬಂತು. ಆದರೆ ಅವಳು ಎರಡು ಅಂದುಕೊಂಡಿದ್ದಳು. ಬೆರಳು ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದು ಡಾಕ್ಟರ್ ಹೇಳಿದ್ದರು. ಹೇಳುವಾಗ ಅವರೂ ದನಿ ತಗ್ಗಿಸಿದ್ದರು.

ಪೇಪರುಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಚಿಟ್ಟಳು. ನಾಳೆ ಫೋರ್ಮನ್ ಪೆನ್ನು ತೆಗೆಯುವ ಮೊದಲೇ ಹೇಳಬೇಕು: ಎತ್ತಿದ್ದು ನಾನು, ನನ್ನ ಬೆರಳು ಸತ್ತಿದೆ, ಅಕ್ಕನ ಕಣ್ಣಿಗೆ ಏನೂ ಆಗಿಲ್ಲ. ಅಂಟು ಬಳಿಯುವ ಕೆಲಸ ಇದ್ದರೆ ಕೇಳಬೇಕು. ಬ್ರಷ್ ಹಿಡಿಯಲು ಮುಷ್ಟಿ ಸಾಕು. ಇಲ್ಲ ಅಂದರೆ, ಇಲ್ಲ.

"ಏನು ಯೋಚ್ನೆ?" ಒಳಗಿನಿಂದ ಗಂಡ ಕೇಳಿದ.

"ಏನಿಲ್ಲ ರೀ. ಬೆಳಗ್ಗೆ ಸ್ವಲ್ಪ ಬೇಗ ಎಬ್ಬಿಸಿ."