ಬೆನ್ನಿನ ನಗ್ಗು

"ಇಸ್ತ್ರಿಪೆಟ್ಟಿಗೆ ಕಾಯ್ತಾ?" ಎಂದು ಬಡಗಿ ಮಂಚದ ಮೇಲೆ ಬೋರಲು ಮಲಗಿಕೊಂಡೇ ಕೇಳಿದನು.

"ಅದು ಕಾಯ್ತು. ನನಗೇ ಕೈ ಬರ್ತಿಲ್ಲ," ಎಂದಳು ಹೆಂಡತಿ. ಅವಳ ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ಹಿಂಡಿ ಮಡಿಸಿದ ಒದ್ದೆ ಟವೆಲು. "ನೀವೇನು ಮನುಷ್ಯರೋ, ಹಲಗೆಯೋ?"

"ಪೆಟ್ಟಿಗೇನ ಮೈಗೆ ತಾಗಿಸಬೇಡ ಮಾರಾಯ್ತಿ. ಟವೆಲ್ ಮೇಲೆ ಒತ್ತಿ ಹಬೆ ಬರಿಸು, ಆಮೇಲೆ ಟವೆಲ್ ಇಡು. ನಗ್ಗು ತಾನಾಗೇ ಎದ್ದು ಬರುತ್ತೆ. ಹುಟ್ಟಿದಾಗಿಂದ ಇದೇ ಕೆಲಸ ಮಾಡಿದೀನಿ, ನನಗೆ ಗೊತ್ತಿಲ್ವಾ?"

ಮರಕ್ಕೆ ಪೆಟ್ಟು ಬಿದ್ದು ನಗ್ಗಾದರೆ ಬಡಗಿಗಳು ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಬಿಸಿ ಇಸ್ತ್ರಿ ಒತ್ತುತ್ತಾರೆ. ಹಬೆ ಕುಡಿದ ನಾರು ಉಬ್ಬಿಕೊಂಡು ನಗ್ಗು ಮಾಯವಾಗುತ್ತದೆ. ಆ ಬೆಳಿಗ್ಗೆ ಅವನು ಊಟದ ಮೇಜಿನ ಹಲಗೆಯ ಒಂದು ತುದಿ ಹಿಡಿದು ಹಿಮ್ಮುಖವಾಗಿ ನಡೆಯುತ್ತ ಶೆಡ್ಡಿನ ಮೆಟ್ಟಿಲು ತಪ್ಪಿ, ಹಲಗೆಯನ್ನು ಎದೆಗೆ ಅವುಚಿಕೊಂಡೇ ಬಿದ್ದಿದ್ದನು. ಮೆಟ್ಟಿಲಿನ ಕಲ್ಲಂಚು ಸೊಂಟದ ಮೇಲೆ, ಬೆನ್ನುಮೂಳೆಯ ಪಕ್ಕಕ್ಕೆ ಬಡಿದಿತ್ತು. ಹಲಗೆಗೆ ಮಾತ್ರ ಒಂದು ಗೀರೂ ಆಗಲಿಲ್ಲ. ಇದನ್ನು ಅವನು ಹೆಮ್ಮೆಯಿಂದ ಎರಡೆರಡು ಸಲ ಹೇಳಿದನು.

ಇನ್ನೊಂದು ತುದಿ ಹಿಡಿದಿದ್ದವಳು ಅತ್ತಿಗೆ. ಆ ತುದಿ ಮೊದಲು ಅಣ್ಣನದಾಗಿತ್ತು. ಅಣ್ಣತಮ್ಮಂದಿರು ಮರ ಕೊಯ್ದು ಜೋಡಿಸುವರು, ಅತ್ತಿಗೆ ಪಾಲಿಶ್ ಹಾಕುವಳು. ಹೀಗೆ ಶೆಡ್ಡು ನಡೆದುಬಂದಿತ್ತು. ಎರಡು ತಿಂಗಳ ಹಿಂದೆ ಅಣ್ಣ ಮಲಗಿದವನು ಏಳಲಿಲ್ಲ. ಕೊಟ್ಟವನು ಕರೆದುಕೊಂಡನು, ಅದಕ್ಕೆ ಎದುರಾಡುವ ಮಾತಿಲ್ಲ. ಆಮೇಲೆ ಬಡಗಿ ಒಬ್ಬನೇ ಎತ್ತಬಹುದಾದ ಸ್ಟೂಲು ಕುರ್ಚಿಗಳನ್ನಷ್ಟೇ ಮಾಡಿದ್ದನು. ಇಬ್ಬರು ಹಿಡಿಯಬೇಕಾದ ಕೆಲಸ ಇದೇ ಮೊದಲು. "ನಾನಿದೀನಲ್ಲ," ಎಂದು ಅತ್ತಿಗೆ ತಾನಾಗಿಯೇ ಬಂದು ಹಲಗೆಗೆ ಕೈ ಹಾಕಿದ್ದಳು.

ಬಿಸಿ ಟವೆಲು ಹಿತವಾಗಿಯೇ ಇತ್ತು. ಬಡಗಿ ಕಣ್ಣು ಮುಚ್ಚಿ ಇನ್ನೊಂದು ಸಲ, ಮತ್ತೊಂದು ಸಲ ಇಡಿಸಿಕೊಂಡನು. ಸಂಜೆಯ ಹೊತ್ತಿಗೆ ಅಂಗೈಯಗಲ ಊದಿಕೊಂಡು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಮಗ್ಗುಲಾದರೆ ಹಗಲಲ್ಲೇ ನಕ್ಷತ್ರ ಕಾಣುತ್ತಿದ್ದವು.

"ಚೆನ್ನಾಗಿ ಎದ್ದು ಬಂದಿದೆ ನಿಮ್ಮ ನಗ್ಗು," ಎಂದು ಹೆಂಡತಿ ಗಾಡಿ ತರಿಸಿದಳು.

ಬೀದಿಯ ಕೊನೆಯ ದವಾಖಾನೆಯಲ್ಲಿ ಡಾಕ್ಟರಮ್ಮ ಬೆನ್ನುಮೂಳೆಯ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಕಾಲುಗಳನ್ನು ಎತ್ತಿಸಿದರು. ಪಾದ ಜೋಮು ಹಿಡಿಯುತ್ತದೆಯೇ, ಮೂತ್ರದ ಬಣ್ಣ ಹೇಗಿದೆ ಎಂದು ಕೇಳಿದರು. ಬಿಸಿ ಇಟ್ಟವರು ಯಾರು ಎಂದಾಗ ಹೆಂಡತಿ ಗಂಡನ ಕಡೆ ಬೆರಳು ಮಾಡಿ ಎಲ್ಲವನ್ನೂ ಹೇಳಿದಳು.

"ಯಜಮಾನ್ರೇ, ಮರದಲ್ಲಿ ರಕ್ತ ಇಲ್ಲ, ನಿಮ್ಮಲ್ಲಿದೆ," ಎಂದರು ಡಾಕ್ಟರಮ್ಮ, ನಗು ತಡೆದುಕೊಂಡು. "ಮೂಳೆಗೆ ಏನೂ ಆಗಿಲ್ಲ. ಒಳಗೆ ಸಣ್ಣ ಸಣ್ಣ ರಕ್ತನಾಳ ಒಡೆದು ರಕ್ತ ಮಾಂಸದಲ್ಲಿ ಇಳಿದಿದೆ. ಬಿಸಿ ಇಟ್ಟು ಇನ್ನಷ್ಟು ಕರೆಸಿಕೊಂಡಿದೀರಿ. ಎರಡು ದಿನ ತಣ್ಣಗಿಡಿ. ಐಸನ್ನ ಬಟ್ಟೇಲಿ ಸುತ್ತಿ, ಸ್ವಲ್ಪ ಹೊತ್ತು ಇಟ್ಟು ತೆಗೀರಿ. ಎಣ್ಣೆ ಹಚ್ಚಿ ತಿಕ್ಕೋದು ಬೇಡ. ಹಾಸಿಗೆಗೆ ಅಂಟಿಕೊಂಡೂ ಇರಬೇಡಿ, ಮನೇಲಿ ಮೆಲ್ಲಗೆ ಓಡಾಡಿ. ಕಾಲಲ್ಲಿ ಬಲ ಹೋದ ಹಾಗಾದ್ರೆ, ಮೂತ್ರ ಕೆಂಪಾದ್ರೆ, ಕಟ್ಟಿಕೊಂಡ್ರೆ, ತಕ್ಷಣ ಬನ್ನಿ."

"ಮತ್ತೆ ಹಲಗೆ ಎತ್ತಬಹುದಾ?"

"ಎತ್ತೀರಂತೆ. ನಾನು ಹೇಳಿದ ಮೇಲೆ."

ಹೆಂಡತಿ ದೇವರಿಗೆ ಅಲ್ಲಿಯೇ ಕೈ ಮುಗಿದಳು. ಆದರೆ ಮನೆಯಲ್ಲಿ ಬೇರೆ ಸುದ್ದಿ ಕಾದಿತ್ತು. ಮಾರನೆಯ ದಿನ ಐಸಿನ ಬಟ್ಟೆ ಇಡುತ್ತ ಅವಳು ಮೆಲ್ಲಗೆ ಹೇಳಿದಳು: "ಅಕ್ಕ ಟ್ರಂಕು ಕೆಳಗಿಳಿಸಿದಾರೆ. ಭಾನುವಾರ ತಂಗಿ ಮನೆಗೆ ಹೋಗಿಬಿಡ್ತಾರಂತೆ, ಅಲ್ಲೇ ಇರೋಕೆ. ಗಂಡ ಹೋದ್ರು, ಮೈದುನನ್ನೂ ನನ್ನ ಕೈಯಾರೆ ಮೂಲೆಗೆ ಹಾಕಿದೆ, ಇನ್ನು ಆ ಶೆಡ್ಡಿಗೆ ಕಾಲಿಡಲ್ಲ ಅಂತಾರೆ."

"ಅತ್ತಿಗೆ ಹೋದರೆ ಶೆಡ್ಡಿಗೆ ಬೀಗ."

"ಶೆಡ್ಡು ಹಾಳಾಗ್ಲಿ. ಇಷ್ಟು ವರ್ಷ ಒಂದೇ ಒಲೆ ಮುಂದೆ ಜಗಳ ಆಡಿದೀವಿ. ಇನ್ನು ನಾನು ಯಾರ ಹತ್ರ ಜಗಳ ಆಡಲಿ, ನಿಮ್ಮ ಹತ್ರವಾ? ನಿಮಗೆ ಎದುರು ಮಾತಾಡಕ್ಕೂ ಬರಲ್ಲ."

ಶುಕ್ರವಾರ ಊತ ಇಳಿಯಿತು, ನೋವೂ ತಗ್ಗಿತು. ಆದರೆ ಪೆಟ್ಟಿನ ನೀಲಿ ಕೆಳಗೆ ಜಾರಿ ಪೃಷ್ಠದವರೆಗೆ ಬಂದಿತ್ತು, ಅಂಚಿನಲ್ಲಿ ಹಸಿರು ಹಳದಿ ಮೂಡಿದ್ದವು. ಹೆಂಡತಿ ನೋಡಿ ಕಂಗಾಲಾದಳು. ಬಡಗಿ ಎರಡು ಕನ್ನಡಿ ಹಿಡಿದು ಕತ್ತು ತಿರುಗಿಸಿ ನೋಡಿ, "ಹುಳ ಹಿಡಿದ ಮರ ಹೀಗೇ ಇರುತ್ತೆ," ಎಂದು ಕನ್ನಡಿಗಳನ್ನು ಕೆಳಗಿಟ್ಟನು. ಡಾಕ್ಟರಮ್ಮನಿಗೆ ಫೋನು ಹೋಯಿತು.

"ಹಸಿರಾಯ್ತು ಅಂದ್ರೆ ವಾಸಿಯಾಗ್ತಿದೆ ಅಂತ ಅರ್ಥ. ನಿಂತ ರಕ್ತ ಇಳಿಜಾರಿಗೆ ಇಳಿದು ಕರಗಿಹೋಗುತ್ತೆ," ಎಂದಿತು ಆ ಕಡೆಯ ದನಿ. "ಇನ್ನು ಬೇಕಾದ್ರೆ ಬಿಸಿನೀರಿನ ಶಾಖ ಕೊಡಿ. ಇಸ್ತ್ರಿಪೆಟ್ಟಿಗೆ ಬೇಡ."

ಹೆಂಡತಿ ನೆಮ್ಮದಿಯ ಉಸಿರು ಬಿಟ್ಟಳು. ಬಡಗಿ ಎದ್ದು ಚಪ್ಪಲಿ ಹುಡುಕಿದನು.

ಅಂಗಳದಾಚೆಯ ಶೆಡ್ಡಿನಲ್ಲಿ ಅತ್ತಿಗೆ ಇದ್ದಳು. ಕಾಲಿಡುವುದಿಲ್ಲ ಎಂದಿದ್ದರೂ ಅರೆಬರೆ ಕೆಲಸ ಬಿಟ್ಟುಹೋಗಲು ಆಕೆಯ ಮನಸ್ಸು ಒಪ್ಪಿರಲಿಲ್ಲ. ಅದೇ ಹಲಗೆಯನ್ನು ನೆಲದ ದಿಮ್ಮಿಗಳ ಮೇಲಿಟ್ಟು, ಬಟ್ಟೆಯ ಉಂಡೆಯಿಂದ ಮೊದಲ ಪಾಲಿಶ್ ಎಳೆಯುತ್ತಿದ್ದಳು.

"ಯಾಕಪ್ಪಾ ಎದ್ದು ಬಂದೆ? ಬೀಳೋದು ಇನ್ನೂ ಬಾಕಿ ಇದೆಯಾ?"

"ಅತ್ತಿಗೆ, ತಪ್ಪು ನಿಮ್ದಲ್ಲ. ನಿಮಗೆ ಒಂದು ವಿಷಯ ಹೇಳೇ ಇಲ್ಲ ನಾನು," ಎಂದನು ಬಡಗಿ, ಗೋಡೆಗೆ ಭುಜ ಕೊಟ್ಟು. "ಹಿಂದೆ ಹಿಂದೆ ನಡೆಯೋನಿಗೆ ಕಣ್ಣು ಎದುರಿಗಿರೋನ ಬಾಯಲ್ಲಿ. ಮೆಟ್ಟಿಲು ಬರೋ ಮುಂಚೆ ಅಣ್ಣ 'ಇಳಿ' ಅನ್ನೋನು. ಅಂದ್ರೆ ಕಾಲು ಕೆಳಗೆ ಇಡೋದು. ಅನ್ನಲಿಲ್ಲ ಅಂದ್ರೆ ನೆಲ ಸಮ ಇದೆ ಅಂತ ಲೆಕ್ಕ. ಅವತ್ತೂ ಹಾಗೇ ನಡೆದೆ. ಹಲಗೆ ಹಿಡಿದ ಮೇಲೆ, ಅವನಿಲ್ಲ ಅನ್ನೋದೇ ಮರೆತುಹೋಗಿತ್ತು."

ಅತ್ತಿಗೆಯ ಕೈ ನಿಂತಿತು. "ನಾನು ಮೆಟ್ಟಿಲು ನೋಡಿದ್ದೆ," ಎಂದಳು. "ನಿನಗೆ ಗೊತ್ತಿರಲ್ವಾ ಅಂತ ಸುಮ್ಮನಾದೆ. ಗಂಡಸರಿಗೆ ದಾರಿ ಹೇಳಿದರೆ ಮುಖ ಊದುತ್ತೆ."

"ನನಗೆ ಬೆನ್ನು ಊದಿತು."

ಆಕೆಗೆ ನಗು ಬಂದುಬಿಟ್ಟಿತು. ಬೆರಳಿಗೆಲ್ಲ ಪಾಲಿಶ್ ಮೆತ್ತಿದ್ದರಿಂದ ಮಣಿಕಟ್ಟಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು: "ಮನೇಲಿ ಅವರು ದಿನಕ್ಕೆ ನಾಲ್ಕು ಮಾತಾಡಿದ್ರೆ ಹೆಚ್ಚು. ಇಲ್ಲಿ ಮಾತಾಡ್ತಿದ್ರಾ?"

"ಮಾತಾಡದೆ? ನನ್ನ ಬೆನ್ನ ಹಿಂದೆ ಇರೋದನ್ನೆಲ್ಲ ಅವನೇ ಹೇಳಬೇಕಿತ್ತಲ್ಲ. ಬೆಳಗಿಂದ ಸಂಜೆವರೆಗೆ."

ಆಕೆ ಉಂಡೆಯನ್ನು ಬಟ್ಟಲಿನಲ್ಲಿ ಅದ್ದಿ ಮತ್ತೆ ಹಲಗೆಯ ಮೇಲೆ ಬಾಗಿದಳು.

"ಬಾಗಿಲು ಬಂದರೆ ಏನಂತಿದ್ರು?"

"'ತೋಳು' ಅನ್ನೋನು. ಮೊಣಕೈ ಒಳಗೆ ಎಳಕೋ ಅಂತ."

"ತೋಳು," ಎಂದು ಅತ್ತಿಗೆ ತನ್ನಷ್ಟಕ್ಕೆ ಹೇಳಿಕೊಂಡಳು. ಉಂಡೆ ಮರದ ಎಳೆಯ ಜೊತೆ ಅತ್ತ ಹೋಗಿ ಇತ್ತ ಬಂತು. "ತಿರುಗಬೇಕಾದರೆ?"

"ಎಡಕ್ಕಾದರೆ 'ಗೋಡೆ'. ಬಲಕ್ಕಾದರೆ 'ಬೀದಿ'."

"ಗೋಡೆ. ಬೀದಿ."

ಬಡಗಿ ಕುಳಿತುಕೊಳ್ಳಲಾರದೆ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದನು. ಒದ್ದೆ ಪಾಲಿಶ್‌ನಲ್ಲಿ ಕಿಟಕಿಯ ಬೆಳಕು ಬಿದ್ದಿತ್ತು. ಆಕೆಯ ಕೈ ಅದರ ಮೇಲೆ ಹಾದುಹೋದಾಗಲೆಲ್ಲ ಬೆಳಕು ಒಂದು ಗಳಿಗೆ ಒಡೆದು, ಮತ್ತೆ ಮೆಲ್ಲಗೆ ಕೂಡಿಕೊಳ್ಳುತ್ತಿತ್ತು.