ತೋಪಿಗೆ ಎರಡು ಸುತ್ತು

ನಕ್ಕಲಗುಟ್ಟವೆಂಬ ಬೆಟ್ಟವನ್ನು ಕೋದಂಡರಾಮಪ್ಪನಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಆದರೂ ವರ್ಷಕ್ಕೊಮ್ಮೆ ಅದಕ್ಕೆ ಬೆಂಕಿಯಿಡುವುದು ತನ್ನ ಹಕ್ಕೆಂದು ಅವನು ತಿಳಿದಿದ್ದ. ಶಿವರಾತ್ರಿ ಕಳೆದು, ಗುಟ್ಟದ ಮೈಮೇಲಿನ ಬೋದೆಹುಲ್ಲು ಒಣಗಿ ಗರಗರ ಎನ್ನುವ ಹೊತ್ತಿಗೆ, ಒಂದು ಬೆಳಿಗ್ಗೆ ಹೊಟ್ಟೆ ತುಂಬ ತಿಂದು, ಹೊಲ ನೋಡಲು ಹೊರಟವನಂತೆ ಹೋಗಿ ಕಡ್ಡಿ ಗೀರಿ ಬರುತ್ತಿದ್ದ. ಹಳೇ ಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆಹುಲ್ಲು ಏಳುತ್ತದೆ. ಅವನ ಕುರಿಮಂದೆಗೆ ಅದು ಬೇಕು. ಅದೇ ಬೋದೆಹುಲ್ಲು ಊರಿನ ಅರ್ಧ ಜನಕ್ಕೆ ಸೂರು ಹೊದಿಸಲು ಬೇಕಾಗಿತ್ತು. ಆದರೆ ಆ ಅರ್ಧ ಜನ ಅವನ ಲೆಕ್ಕದಲ್ಲಿ ಜನವಲ್ಲ, ಆಳುಗಳು.

ಊರಿನ ಹೆಸರು ಗುಟ್ಟಕಿಂದಪಲ್ಲಿ. ಗೌನಿಪಲ್ಲಿಯಲ್ಲಿ ಬಸ್ಸಿಳಿದು ಆಂಧ್ರದ ಗಡಿಯ ಕಡೆಗೆ ಬಂಡಿಜಾಡಿನಲ್ಲಿ ನಡೆಯಬೇಕು. ಹೆಂಚಿನ ಮನೆಗಳೆಲ್ಲ ಊರೊಳಗೆ. ಹುಲ್ಲಿನ ಮನೆಗಳು ಗುಟ್ಟದ ಕಡೆಗೆ, ಒಂದೇ ಸಾಲಿನಲ್ಲಿ. ಅದನ್ನು ಗುಟ್ಟದ ಬೀದಿ ಎನ್ನುತ್ತಿದ್ದರು. ಅದರ ಎಡಕ್ಕೆ, ನೀರು ಬತ್ತಿದ ಒಂದು ಕುಂಟೆಯ ಆಚೆ, ಕೋದಂಡರಾಮಪ್ಪನ ಮಾವಿನ ತೋಪು. ಹಿಂದೆ ಪಂಚಾಯಿತಿ ಚೇರ್ಮನ್ ಆಗಿದ್ದವನು, ಊರಿಗೆ ಮೊದಲ ಟ್ರ್ಯಾಕ್ಟರ್ ತಂದವನು. ಅವೆರಡೂ ಸಂಗತಿಗಳನ್ನು ಅವನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ಅವನ ಹೆಂಡತಿ ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದವಳು ಅಕ್ಕ ದೊಡ್ಡಗಂಗಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಾಯಿಯಿಲ್ಲದ ತಮ್ಮನ ಮೂಗೊರೆಸಿ, ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಹೀಗೆ ಬೆಳೆಸಿದ್ದರಿಂದಲೇ ಅವನು ಎಂಥವನೆಂದು ಆಕೆಗೆ ಪೂರ್ತಿ ಗೊತ್ತಿತ್ತು. ಊರು ಅವನನ್ನು ಯಜಮಾನರೇ ಎಂದು ಕರೆಯುವಾಗಲೆಲ್ಲ ಆಕೆ ಬಾಯೊಳಗಿನ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತಿದ್ದಳು.

ಎಂಬತ್ತೆರಡರ ಬೇಸಿಗೆಯಲ್ಲಿ ಅವನು ಗುಟ್ಟದ ಹಿಂಬದಿಗೆ ಬೆಂಕಿಯಿಟ್ಟ. ಬೆಳಿಗ್ಗೆ ಗಾಳಿಯಿರಲಿಲ್ಲ. ಬೆಂಕಿ ಎಂದಿನಂತೆ ಸೋಮಾರಿಯಾಗಿ ಮೇಲಕ್ಕೇರುತ್ತಿತ್ತು. ಅವನು ಮನೆಗೆ ಬಂದು ಮುದ್ದೆ ಉಂಡು ಪಡಸಾಲೆಯಲ್ಲಿ ಮಲಗಿದ. ಮಧ್ಯಾಹ್ನ ಗಾಳಿ ಎದ್ದಿತು, ಪಡುವಣದಿಂದ. ಬೆಂಕಿ ನೆತ್ತಿ ದಾಟಿ ಊರಿನ ಕಡೆಗೆ ಇಳಿಯತೊಡಗಿತು. ಬಂದರಿಕೆ ಪೊದೆಗಳು ಪಟಪಟ ಸಿಡಿಯುವ ಸದ್ದು ಬಾವಿಕಟ್ಟೆಯವರೆಗೂ ಕೇಳಿಸುತ್ತಿತ್ತು.

ದೊಡ್ಡಗಂಗಮ್ಮ ತಮ್ಮನ ಕಾಲನ್ನು ಅಲುಗಿಸಿದಳು.

"ಲೇ ಕೋದಂಡ, ಏಳೋ. ನೀನಿಟ್ಟ ಬೆಂಕಿ ಊರಿಗೆ ಬರ್ತಾ ಐತೆ."

"ನಾನೆಲ್ಲಿ ಇಟ್ಟೆ?" ಕಣ್ಣು ತೆರೆಯುವ ಮೊದಲೇ ಅವನ ಬಾಯಿ ಸುಳ್ಳು ಹೇಳಿತು.

"ಬೆಳಿಗ್ಗೆ ಒಲೆ ಪಕ್ಕದಿಂದ ಬೆಂಕಿಪೊಟ್ಟಣ ಎತ್ಕೊಂಡು ಹೋದೋನು ಯಾರು, ನಮ್ಮಪ್ಪನ ದೆವ್ವಾನಾ? ಎದ್ದು ಟ್ರ್ಯಾಕ್ಟರ್ ಕಳಿಸು."

ಅವನು ಪಂಚೆ ಕಟ್ಟಿಕೊಳ್ಳುತ್ತ ಹೊರಗೆ ಬಂದು ಗುಟ್ಟ ನೋಡಿದ. ಆಮೇಲೆ ತೋಪಿನ ಕಡೆ ನೋಡಿದ. ಅವನ ಕಣ್ಣು ಗುಟ್ಟದ ಬೀದಿಯನ್ನು ದಾಟಿಹೋದದ್ದನ್ನು ಆಕೆ ಕಂಡಳು.

ಅಷ್ಟರಲ್ಲಿ ಗಂಡಸರು ಅರಳಿಕಟ್ಟೆಯ ಹತ್ತಿರ ಸೇರಿದ್ದರು. ಎಲ್ಲರ ಕೈಯಲ್ಲೂ ಹೊಂಗೆಕೊಂಬೆ, ಬೆಂಕಿ ಬಡಿಯಲು. ಕೈಯಲ್ಲಿ ಕೊಂಬೆ ಹಿಡಿದು ಎಲ್ಲರೂ ಕೋದಂಡರಾಮಪ್ಪನ ಬಾಯಿ ನೋಡುತ್ತ ನಿಂತರು. ಕರೆಂಟು ಬೆಳಿಗ್ಗೆಯೇ ಹೋಗಿತ್ತು, ಪಂಪ್‌ಸೆಟ್ಟುಗಳೆಲ್ಲ ಸತ್ತಿದ್ದವು. ಉಳಿದದ್ದು ಒಂದೇ ದಾರಿ: ಬೆಂಕಿ ಬರುವ ಮೊದಲು ಅದರ ಎದುರಿನ ನೆಲವನ್ನು ಉತ್ತು, ಹುಲ್ಲಿಲ್ಲದ ಒಂದು ಪಟ್ಟಿ ಮಾಡುವುದು.

ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಕದಿರೇಶ. ಗುಟ್ಟದ ಬೀದಿಯವನೇ. ಅವನ ಹೆಂಡತಿ ರಾಮಲಕ್ಷ್ಮಮ್ಮ, ಒಂದು ಎಳೆಗರುವಿನ ಎಮ್ಮೆ, ಹೊಸದಾಗಿ ಹೊದಿಸಿದ ಸೂರು ಎಲ್ಲವೂ ಅಲ್ಲಿದ್ದವು. ಅವನು ನೇಗಿಲು ಸಿಕ್ಕಿಸಿ ಗಾಡಿಯನ್ನು ಬೀದಿಯ ಕಡೆಗೆ ತಿರುಗಿಸಿದ.

"ಎಲ್ಲಿಗೋ?" ಎಂದ ಕೋದಂಡರಾಮಪ್ಪ. "ಮೊದ್ಲು ತೋಪಿಗೊಂದು ಸುತ್ತು ಹೊಡಿ. ಆಮೇಲೆ ಬೀದಿ."

"ಅಣ್ಣಾ, ಗಾಳಿ ಬೀದಿ ಕಡೆಗೈತೆ."

"ಗಾಳಿ ನಂಗೂ ಕಾಣ್ಸುತ್ತೆ. ಟ್ರ್ಯಾಕ್ಟರ್ ಯಾರ್ದು?"

ಕದಿರೇಶ ಒಂದು ಗಳಿಗೆ ಸ್ಟಿಯರಿಂಗ್ ಹಿಡಿದುಕೊಂಡು ಕೂತ. ಆಮೇಲೆ ಗಾಡಿ ತಿರುಗಿಸಿದ. ಹೊಂಗೆಕೊಂಬೆ ಹಿಡಿದಿದ್ದವರೆಲ್ಲ ಅವನ ಹಿಂದೆ ತೋಪಿಗೆ ನಡೆದರು. ಅವರಲ್ಲಿ ಹೆಚ್ಚಿನವರ ಮನೆಗಳೂ ಗುಟ್ಟದ ಬೀದಿಯಲ್ಲೇ ಇದ್ದವು. ಯಜಮಾನನ ಕಣ್ಣಿಗೆ ಬೀಳುವ ಜಾಗದಲ್ಲಿ ನಿಂತು ಬಡಿದ ಬೆಂಕಿಗೆ ಮಾತ್ರ ಬೆಲೆಯೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದೊಡ್ಡಗಂಗಮ್ಮ ಸೆರಗು ಸಿಕ್ಕಿಸಿಕೊಂಡು ತೋಪಿನವರೆಗೆ ಹೋದಳು. ಒಂದು ಸುತ್ತು ಮುಗಿಯಿತು. ಕೆಂಪು ಮಣ್ಣಿನ ಒಳ್ಳೆಯ ಪಟ್ಟಿ. ಕದಿರೇಶ ನೇಗಿಲೆತ್ತಿ ಬೀದಿಯ ಕಡೆ ನೋಡಿದ. ಹೊಗೆಯಲ್ಲಿ ಅವನ ಮನೆ ಅರ್ಧ ಮರೆಯಾಗಿತ್ತು.

"ಅಗಲ ಸಾಲದು," ಎಂದ ಕೋದಂಡರಾಮಪ್ಪ. "ಇನ್ನೊಂದು ಸುತ್ತು ಹಾಕು."

ಕದಿರೇಶ ಮತ್ತೆ ನೇಗಿಲು ಇಳಿಸಿದ.

ದೊಡ್ಡಗಂಗಮ್ಮ ಬದುವಿನ ಮೇಲೆ, ಅವನು ಹಾದುಹೋಗುವಲ್ಲಿ ನಿಂತಿದ್ದಳು. "ನಿನ್ನ ಹೆಂಡ್ತಿ ಅಲ್ಲಿ ಅವ್ಳೆ ಕಣೋ," ಎಂದಳು.

"ಯಜಮಾನ್ರು ಹೇಳ್ತಾವ್ರೆ ಅಕ್ಕಾ."

"ಅವ್ನು ಹೇಳೋದು ಹೊಸ್ದಲ್ಲ. ನೀನು ಕೇಳೋದನ್ನ ನೋಡಾಣ ಅಂತ ಬಂದೆ. ನೋಡ್ದೆ."

ಆಕೆ ಎಲೆಅಡಿಕೆ ಉಗಿದು, ಕುಂಟೆ ದಾಟಿ ಗುಟ್ಟದ ಬೀದಿಗೆ ಹೋದಳು.

ಬೀದಿಯಲ್ಲಿ ಹೆಂಗಸರು ಪಾತ್ರೆಪಡಗ ಹೊರಗೆ ಎಸೆಯುತ್ತಿದ್ದರು. ಒಬ್ಬಳು ಒಂದು ಕೊಡ ನೀರು ಹಿಡಿದು ಯಾವ ಸೂರಿಗೆ ಎರಚಲಿ ಎಂದು ತಿಳಿಯದೆ ಅಳುತ್ತಿದ್ದಳು. ಬೆಂಕಿ ಇನ್ನೂ ಇಳಿಜಾರಿನ ಮೇಲಿತ್ತು; ಕಿಡಿಗಳು ಮಾತ್ರ ಮುಂಚಿತವಾಗಿ ಬಂದು ಅಂಗಳದಲ್ಲಿ ಬೀಳುತ್ತಿದ್ದವು.

"ನೀರು ಇಳ್ಸು. ಸೂರು ಕಿತ್ತಾಕಿ," ಎಂದಳು ದೊಡ್ಡಗಂಗಮ್ಮ.

"ನಮ್ಮನೆ ನಾವೇ ಕೆಡವೋದಾ?"

"ಗೋಡೆ ಇದ್ರೆ ಮನೆ. ಸೂರು ಹುಲ್ಲು. ಬೆಂಕಿ ಕೇಳ್ತಿರೋದು ಹುಲ್ಲನ್ನ."

ಇದು ಅಲ್ಲಿದ್ದ ಎಲ್ಲ ಹೆಂಗಸರಿಗೂ ಗೊತ್ತಿದ್ದ ಮಾತೇ. ಆದರೆ ಗಂಡಸರು ಬರುತ್ತಾರೆಂದು ಕಾಯುತ್ತಿದ್ದರು. "ಅವ್ರು ಬರಲ್ಲ," ಎಂದಳು ಆಕೆ, "ತೋಪಿಗೆ ಎರಡ್ನೇ ಸುತ್ತು ಹೊಡೀತಾವ್ರೆ." ಕೊಡ ಹಿಡಿದಿದ್ದವಳು ಅದನ್ನು ಕೆಳಗಿಟ್ಟಳು. ಆಮೇಲೆ ರಾಮಲಕ್ಷ್ಮಮ್ಮ ಪಕ್ಕದ ಮನೆಯ ಗೋಡೆ ಹತ್ತಿ ಹುಲ್ಲಿನ ಕಟ್ಟು ಹಿಡಿದು ಎಳೆದಳು. ಅದರ ಹಿಂದೆಯೇ ಇಡೀ ಬೀದಿ ಸೂರಿನ ಮೇಲಿತ್ತು. ವರ್ಷಗಟ್ಟಲೆ ಹೊಗೆ ಕುಡಿದು ಕಪ್ಪಾದ ಹುಲ್ಲು ರಾಶಿರಾಶಿಯಾಗಿ ಕೆಳಗೆ ಬಿತ್ತು. ಕೆಳಗಿದ್ದವರು ಅದನ್ನು ಎಳೆದು ಬೀದಿಯ ಹಿಂದಿನ ತಗ್ಗಿಗೆ ನೂಕಿದರು. ದನಗಳ ಹಗ್ಗ ಬಿಚ್ಚಿ ಊರೊಳಕ್ಕೆ ಅಟ್ಟಿದರು.

ಲಕ್ವ ಹೊಡೆದು ಮಲಗಿದ್ದ ಮುದುಕ ವೆಂಕಟರಾಯಪ್ಪನನ್ನು ಮಂಚದ ಸಮೇತ ನಾಲ್ವರು ಹೆಂಗಸರು ಎತ್ತಿದರು. ಮುದುಕನಿಗೆ ಅವಮಾನವಾಯಿತು.

"ಗಂಡಸ್ರೆಲ್ಲಿ?" ಎಂದು ತೊದಲಿದ.

"ಮಾವಿನಕಾಯಿ ಕಾಯ್ತಾವ್ರೆ ತಾತಾ," ಎಂದಳು ರಾಮಲಕ್ಷ್ಮಮ್ಮ.

ಬೆಂಕಿ ಕೊನೆಯ ಇಳಿಜಾರನ್ನು ಓಡಿಕೊಂಡೇ ಬಂತು. ಅದರ ಮುಂದೆ ಮೊಲಗಳು, ಹಾವುಗಳು, ಒಂದು ನರಿ ಯಾವ ಹಗೆಯೂ ಇಲ್ಲದೆ ಒಟ್ಟಿಗೆ ಊರೊಳಕ್ಕೆ ನುಗ್ಗಿದವು. ಬೇಲಿಗಳು ಹೊತ್ತಿದವು, ಮೇವಿನ ಬಣವೆಗಳು ಹೊತ್ತಿದವು. ಸೂರಿಲ್ಲದ ಗೋಡೆಗಳ ನಡುವೆ ಬೆಂಕಿ ಹಾದಿ ತಪ್ಪಿದಂತೆ ಅತ್ತಿತ್ತ ಹುಡುಕಾಡಿತು. ಸಿಕ್ಕಿದ್ದು ಬೀದಿಯ ಕೊನೆಯ ಮನೆ. ಬೇರೆಯವರ ಸೂರು ಕೀಳುತ್ತಿದ್ದ ರಾಮಲಕ್ಷ್ಮಮ್ಮ ತನ್ನ ಮನೆಗೆ ಕೊನೆಗೆ ಬಂದಿದ್ದಳು. ಹೊಸ ಹುಲ್ಲು ಅರ್ಧ ಇಳಿದಿತ್ತು, ಅರ್ಧ ಉಳಿದಿತ್ತು. ಅದು ಹೊತ್ತಿಕೊಂಡಾಗ ಹಿತ್ತಲಿನ ಚಪ್ಪರದಡಿ ಎಮ್ಮೆ ಇನ್ನೂ ಕಟ್ಟಿದಲ್ಲೇ ಇತ್ತು. ಕರುವನ್ನು ಹೊರಕ್ಕೆ ಅಟ್ಟಿ, ಎಮ್ಮೆಯ ಕೊರಳ ಗಂಟಿಗೆ ಕೈಹಾಕಿದಳು. ಗಂಟು ಬಿಗಿದಿತ್ತು. ಮೇಲಿಂದ ಚಪ್ಪರದ ಗರಿ ಉರಿಯುತ್ತ ಕೈಮೇಲೆ ಬಿದ್ದರೂ ಅವಳು ಗಂಟು ಬಿಡಲಿಲ್ಲ. ಅದು ಸಡಿಲಾಯಿತು, ಎಮ್ಮೆ ಅವಳನ್ನು ಕೆಡವಿ ಓಡಿತು. ದೊಡ್ಡಗಂಗಮ್ಮ ಕಾಲು ಹಿಡಿದು ಅವಳನ್ನು ಹೊರಗೆ ಎಳೆದಳು.

ಕುಂಟೆಯ ಬರಿಮಣ್ಣಿಗೆ ಬಂದು ಬೆಂಕಿ ತಾನಾಗಿ ಸತ್ತಿತು. ಕದಿರೇಶ ಟ್ರ್ಯಾಕ್ಟರ್ ತಂದದ್ದು ಆಗ. ಏನು ಮಾಡಬೇಕೆಂದು ತಿಳಿಯದೆ, ಬೀದಿಯ ಮುಂದೆ ನೇಗಿಲಿಳಿಸಿ ಬೂದಿಯಲ್ಲಿ ಒಂದು ಸಾಲು ಹೊಡೆದ. ಹೆಂಡತಿಯ ಕೈಗಳನ್ನು ಕಂಡು ಇಳಿದು ಅವಳ ಹತ್ತಿರ ಬಂದ. ಅವಳು ಅತ್ತ ಮುಖ ತಿರುಗಿಸಿದಳು.

ಮಾರನೆಯ ದಿನ ತಾಲ್ಲೂಕು ಕಚೇರಿಯ ಜೀಪು ಬಂತು. ಅದರಲ್ಲಿ ಬಂದ ಸಾಹೇಬರು ಗುಟ್ಟದ ಬೀದಿಯಲ್ಲಿ ಇಳಿಯಲಿಲ್ಲ. ಬೂದಿ ಹಾರುತ್ತಿತ್ತು, ಷೂ ಹೊಸದಿದ್ದಿರಬೇಕು. ನೇರವಾಗಿ ಕೋದಂಡರಾಮಪ್ಪನ ಜಗಲಿಗೆ ಬಂದು ಕೂತರು. ಗಂಡಸರು ಅಂಗಳದಲ್ಲಿ ನಿಂತರು. ದೊಡ್ಡಗಂಗಮ್ಮ ಮಜ್ಜಿಗೆ ತಂದುಕೊಟ್ಟಳು.

"ಹೇಗಾಯ್ತು ಚೇರ್ಮನ್‌ರೇ?"

"ಕುರಿ ಕಾಯೋ ಹೈಕಳ ಬೀಡಿ ಸಾರ್. ಎಷ್ಟು ಹೇಳಿದ್ರೂ ಕೇಳಲ್ಲ. ನಾವೆಲ್ಲ ಸೇರ್ಕೊಂಡು ಹೋರಾಡಿ ಊರು ಉಳಿಸ್ಕೊಂಡ್ವಿ."

"ಬೆಂಕಿ ಇಟ್ಟೋನು ಇವ್ನೇ ಸ್ವಾಮಿ," ಎಂದಳು ದೊಡ್ಡಗಂಗಮ್ಮ. "ನನ್ನ ತಮ್ಮ. ವರ್ಷವರ್ಷ ಇಡ್ತಾನೆ. ಈ ಸಲ ಗಾಳಿ ತಿರುಗ್ತು. ತಿರುಗಿದ ಮೇಲೆ ಟ್ರ್ಯಾಕ್ಟರ್ ತೋಪಿಗೆ ಕಳ್ಸಿ ಈ ಜನದ ಮನೆ ಬೆಂಕಿಗೆ ಬಿಟ್ಟ."

ಸಾಹೇಬರು ನಕ್ಕರು. "ಪಾಪ, ಅಜ್ಜಿಗೆ ಹೊಗೆ ತಲೆಗೇರಿದೆ," ಎಂದರು. ಕೋದಂಡರಾಮಪ್ಪನೂ ನಕ್ಕ.

ಆಕೆ ಅಂಗಳದ ಕಡೆ ತಿರುಗಿದಳು. "ಹೇಳ್ರಪ್ಪಾ. ಬಾಯಿ ಐತಲ್ಲ."

ಅಂಗಳದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬ ಕೆಮ್ಮಿದ. ಇನ್ನೊಬ್ಬ ಹೆಗಲ ಮೇಲಿನ ಟವೆಲ್ಲು ತೆಗೆದು ಮತ್ತೆ ಹಾಕಿಕೊಂಡ.

"ಏನಪ್ಪಾ ಡ್ರೈವರ್?" ಎಂದಳು ಆಕೆ.

"ಬೆಂಕಿ ಇಟ್ಟಿದ್ದು ನಾನು ನೋಡಿಲ್ಲ ಅಕ್ಕಾ," ಎಂದ ಕದಿರೇಶ.

ಅದು ನಿಜವೂ ಹೌದು. ನೋಡದಿರುವುದನ್ನು ಅವನು ಬಹಳ ಕಾಲದಿಂದ ಅಭ್ಯಾಸ ಮಾಡಿಕೊಂಡಿದ್ದ.

ದೊಡ್ಡಗಂಗಮ್ಮ ಸಾಹೇಬರ ಕೈಯಿಂದ ಅರ್ಧ ಕುಡಿದ ಲೋಟ ತೆಗೆದುಕೊಂಡು, ಉಳಿದ ಮಜ್ಜಿಗೆಯನ್ನು ಅಂಗಳಕ್ಕೆ, ಆ ಗಂಡಸರ ಕಾಲ ಬುಡಕ್ಕೆ ಚೆಲ್ಲಿದಳು. ಒಳಗೆ ಹೋಗಿ ತನ್ನ ಎರಡು ಸೀರೆ, ಎಲೆಅಡಿಕೆ ಚೀಲ ತೆಗೆದುಕೊಂಡು ಗುಟ್ಟದ ಬೀದಿಗೆ ಹೋದಳು. ರಾಮಲಕ್ಷ್ಮಮ್ಮನ ಕೈಗಳಿಗೆ ಬಟ್ಟೆ ಸುತ್ತಿತ್ತು. ಅವಳ ಒಲೆ ಹಚ್ಚುವವರು ಯಾರಾದರೂ ಬೇಕಾಗಿತ್ತು.

ಕೆಲವು ದಿನಗಳ ಮೇಲೆ ಕೋದಂಡರಾಮಪ್ಪ ಅಲ್ಲಿಗೆ ಬಂದ. ತೋಪು ಸುಟ್ಟಿರಲಿಲ್ಲ, ಆದರೆ ಗುಟ್ಟದ ಕಡೆಯ ಮರಗಳ ಹೀಚುಗಳೆಲ್ಲ ಬೆಂಕಿಯ ಕಾವಿಗೆ ಬಾಡಿ ಉದುರುತ್ತಿದ್ದವು. ಶ್ರೀನಿವಾಸಪುರದ ಮಂಡಿಯವನು ತೋಪಿನಲ್ಲಿ ಒಮ್ಮೆ ಅಡ್ಡಾಡಿ, ಮಾತೇ ಆಡದೆ ಬಸ್ಸು ಹತ್ತಿದ್ದ. ಕೋದಂಡರಾಮಪ್ಪ ಬಾಗಿಲ ಹೊರಗೇ ನಿಂತ. ಒಳಗಿನಿಂದ ಆಕಾಶ ಕಾಣುತ್ತಿತ್ತು.

"ಮನೆಗೆ ಬಾ ಅಕ್ಕಾ. ಜನ ಆಡ್ಕೊಂತಾರೆ."

"ಯಾವ ಜನ? ಈ ಜನಕ್ಕೆ ಅಷ್ಟು ಬಾಯಿ ಇದ್ದಿದ್ರೆ ಆವತ್ತೇ ಆಡ್ತಿದ್ರು."

"ಗೌನಿಪಲ್ಲಿ ಹೋಟ್ಲಲ್ಲಿ ತಿಂತಾ ಇದೀನಿ. ಹೊಟ್ಟೆ ಕೆಟ್ಟೈತೆ."

"ಹೊಟ್ಟೆ ಒಂದೇನಾ?" ಎಂದಳು. "ಇವ್ರಿಗೆ ಸೂರಿಗೆ ಹುಲ್ಲಿಲ್ಲ. ಗುಟ್ಟದಲ್ಲಿದ್ದಿದ್ದನ್ನ ನೀನು ಸುಟ್ಟೆ. ಕುರಿ ಕೊಟ್ಟಿಗೆ ಹೆಂಚು ಇಳ್ಸಿ ಕಳ್ಸು."

"ಕುರಿ ಎಲ್ಲಿ ಮಲಗ್ಲಿ?"

"ಜನ ಮಲಗೋ ಕಡೆ. ಬಯಲಲ್ಲಿ."

ಅವನು ಕಳುಹಿಸಲಿಲ್ಲ. ಅದನ್ನು ಆಕೆ ನಿರೀಕ್ಷಿಸಿಯೂ ಇರಲಿಲ್ಲ. ಮರುದಿನ ಬೆಳಿಗ್ಗೆ ಗುಟ್ಟದ ಬೀದಿಯ ಹೆಂಗಸರು ಮಂಕರಿ ಹೊತ್ತು ಅವನ ಕೊಟ್ಟಿಗೆಗೆ ಬಂದರು. ಏಣಿ ಹಾಕಿ ಹೆಂಚು ಇಳಿಸತೊಡಗಿದರು. ರಾಮಲಕ್ಷ್ಮಮ್ಮ ಕೈಯೆತ್ತಲಾರದೆ ನೀರಿನ ಬಾನಿಯ ಅಂಚಿನ ಮೇಲೆ ಕೂತು, ಒಡೆದ ಹೆಂಚು ಬೇಡ, ಒಳ್ಳೆಯದನ್ನೇ ಆರಿಸಿ ಎಂದು ಹೇಳುತ್ತಿದ್ದಳು.

"ಪೊಲೀಸ್ನೋರಿಗೆ ಹೇಳ್ತೀನಿ," ಎಂದ ಕೋದಂಡರಾಮಪ್ಪ.

"ಹೇಳು," ಎಂದಳು ಅಕ್ಕ. "ಹೆಂಚು ಯಾಕೆ ಹೋಯ್ತು ಅಂತ ಕೇಳ್ತಾರೆ. ಅದನ್ನೂ ಹೇಳು."

ಅವನು ಕದಿರೇಶನಿಗೆ ಏಣಿ ತೆಗೆಯಲು ಹೇಳಿದ. ಕದಿರೇಶ ಏಣಿಯ ಹತ್ತಿರ ಹೋಗಿ ನಿಂತ. ತೆಗೆಯಲೂ ಇಲ್ಲ, ಬಿಡಲೂ ಇಲ್ಲ. ಕೋದಂಡರಾಮಪ್ಪ ಬಹಳ ಹೊತ್ತು ಗದರಿ, ಕೊನೆಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಾಗಿಲು ಮುಚ್ಚಿದ್ದನ್ನು ತಿರುಗಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಕದಿರೇಶ ಏಣಿಯನ್ನು ಭದ್ರವಾಗಿ ಹಿಡಿದುಕೊಂಡ.

ಮುಂಗಾರಿಗೆ ಮೊದಲು ಬೀದಿಯ ಮನೆಗಳಿಗೆ ಅಷ್ಟಿಷ್ಟು ಹೆಂಚು, ಅಷ್ಟಿಷ್ಟು ತೆಂಗಿನಗರಿ ಬಿತ್ತು. ಕೋದಂಡರಾಮಪ್ಪನ ಕುರಿಗಳು ಮಳೆಯಲ್ಲಿ ನೆನೆದು ಕೆಮ್ಮಿದವು. ಆಯುಧಪೂಜೆಯ ಹೊತ್ತಿಗೆ ಮಂದೆಯನ್ನು ಮಾರಿಬಿಟ್ಟ. ರಾಮಲಕ್ಷ್ಮಮ್ಮನ ಕೈ ವಾಸಿಯಾಯಿತು, ಆದರೆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ, ಮುದ್ದೆ ಕಟ್ಟಲು ಬರುತ್ತಿರಲಿಲ್ಲ. ಹಾಗಾಗಿ ದೊಡ್ಡಗಂಗಮ್ಮ ಅಲ್ಲಿಯೇ ಉಳಿದಳು. ರಾಮಲಕ್ಷ್ಮಮ್ಮನ ಜೊತೆ ದಿನವೆಲ್ಲ ಹರಟುತ್ತಿದ್ದಳು, ಇಬ್ಬರೂ ಸೇರಿ ಊರಿನ ಗಂಡಸರನ್ನು ಒಬ್ಬೊಬ್ಬರನ್ನಾಗಿ ಅಣಕಿಸಿ ನಗುತ್ತಿದ್ದರು. ಕದಿರೇಶನಿಗೆ ಮಾತ್ರ ದೊಡ್ಡಗಂಗಮ್ಮ ಹೊತ್ತುಹೊತ್ತಿಗೆ ತಟ್ಟೆಯಿಟ್ಟು, ಒಂದು ಮಾತೂ ಆಡದೆ ಎದ್ದುಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ.

"ನನ್ನ ಮೇಲೆ ಇನ್ನೂ ಕೋಪಾನಾ ಅಕ್ಕಾ?"

ಆಕೆ ಸಾರು ಬಡಿಸುವುದನ್ನು ನಿಲ್ಲಿಸಿ, ಅವನನ್ನು ಮೊದಲ ಸಲ ಕಾಣುತ್ತಿರುವಂತೆ ನೋಡಿದಳು.

"ಕೋಪ ಮಾಡ್ಕೊಳ್ಳೋಕೆ ಎದುರುಗಡೆ ಒಬ್ಬ ಮನುಷ್ಯ ಇರ್ಬೇಕು ಕಣೋ," ಎಂದಳು. "ಸಾರು ಆರೋಗ್ತದೆ, ತಿನ್ನು."

ಅವನು ತಿಂದ.